ಸ್ಕೀ ರೆಸಾರ್ಟ್‌ನಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್: ನೌಕರರ ರಿವ್ಯೂ ಒಂದಕ್ಕೊಂದು ತಾಳೆ ಆಗ್ತಿಲ್ಲ

ಸಾಣಾಪುರ ಫ್ರಂಟ್ ಆಫೀಸ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮೂರು ಗಂಗಾವತಿ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಇದೇ ಜೂನ್‌ಗೆ ಮುಗೀತು, ಸದ್ಯ ಸಾಣಾಪುರದ ಕಡೆ ಒಂದು ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ನೋಡ್ಕೋತಿದೀನಿ. ಅಮೆರಿಕದ ಕೊಲೊರಾಡೊದಲ್ಲಿರೋ ಸ್ಕೀ ರೆಸಾರ್ಟ್ ಕಂಪನಿಯೊಂದರಿಂದ ಜೆ-1 (ತರಬೇತಿ, ವಿನಿಮಯಕ್ಕೆ ಹೋಗೋರಿಗೆ ಅಮೆರಿಕ ಕೊಡೋ ವೀಸಾ) ಇಂಟರ್ನ್ ಅಂತ 12 ತಿಂಗಳ ಆಫರ್ ಬಂದಿದೆ. ನವೆಂಬರ್ ಮಧ್ಯದಲ್ಲಿ ಶುರು. ಕಂಪನಿ ಹೆಸರು ಇಲ್ಲಿ ಹಾಕಲ್ಲ.

ಆ ಕಂಪನಿಯಲ್ಲಿ ಕೆಲಸ ಮಾಡಿದವರ ರಿವ್ಯೂ ಓದಿ ತಲೆ ಕೆಟ್ಟಿದೆ. ಒಬ್ಬರು ಇಂಥಾ ಟೀಮ್ ಎಲ್ಲೂ ಸಿಗಲ್ಲ ಅಂತಾರೆ, ಅದರ ಕೆಳಗೇ ಇನ್ನೊಬ್ಬರು ದುಡಿದದ್ದೆಲ್ಲ ಬಾಡಿಗೆಗೇ ಹೋಯ್ತು, ಮ್ಯಾನೇಜರ್‌ಗೆ ತಲೆ ಇಲ್ಲ ಅಂತಾರೆ. ಯಾರನ್ನ ನಂಬೋದು? ಮೇಲಿನವರ ನಡವಳಿಕೆ, ಸ್ಟಾಫ್ ರೂಮು, ಕೆಲಸದ ಗಂಟೆ, ಟಿಪ್ಸ್, ಹೆಣ್ಣುಮಕ್ಕಳಿಗೆ ಅಲ್ಲಿ ಹೆಂಗೆ, ಇವು ಗೊತ್ತಿದ್ದವರು ಹೇಳಿ. ಇನ್ನೊಂದು: ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಬೇಕಾದ್ರೆ ಬೇರೆ ಊರಿನ ಹೋಟೆಲ್‌ಗೆ ಜಿಗೀಬಹುದು ಅಂತ ಏಜೆನ್ಸಿಯವರು ಹೇಳಿದಾರೆ. ಅದು ನಿಜಾನಾ?

ಮುನಿರಾಬಾದ್ ಗೇಟ್

ತಂಗಿ, ರಿವ್ಯೂ ತಾಳೆ ಆಗ್ತಿಲ್ಲ ಅಂದ ಮಾತ್ರಕ್ಕೆ ಬರೆದವರು ಸುಳ್ಳು ಹೇಳಿದಾರೆ ಅಂತಲ್ಲ. ಬರೆದವರ ಕೆಲಸ ಬೇರೆ, ಬರೆದ ತಿಂಗಳು ಬೇರೆ. ಸ್ಟಾರ್ ಎಣಿಸೋದು ಬಿಡು. ಪ್ರತಿ ರಿವ್ಯೂನಲ್ಲಿ ಯಾವ ವಿಭಾಗ, ಯಾವ ತಿಂಗಳು, ಬರೆದವರಿಗೆ ಅದು ಎಷ್ಟನೇ ಸೀಸನ್, ಇಷ್ಟನ್ನ ಹುಡುಕು. ಇದು ಸಿಗದ ರಿವ್ಯೂ ಒಳ್ಳೇದಿರಲಿ ಕೆಟ್ಟದಿರಲಿ, ದಾಟಿಸಿಬಿಡು.

ವಿಭಾಗ ಯಾಕೆ ಮುಖ್ಯ ಅಂದ್ರೆ, ಸ್ಕೀ ರೆಸಾರ್ಟ್‌ನಲ್ಲಿ ಒಂದೇ ಬೋರ್ಡಿನ ಕೆಳಗೆ ಏಳೆಂಟು ಕಸುಬು ಇರ್ತವೆ. ಲಿಫ್ಟ್‌ನವರ, ಅಂದ್ರೆ ಹಗ್ಗಕ್ಕೆ ನೇತಾಡೋ ಕುರ್ಚಿಯಲ್ಲಿ ಜನರನ್ನ ಬೆಟ್ಟದ ಮೇಲೆ ಕಳಿಸೋರ ದಿನ ತಗೋ. ಕುರ್ಚಿ ಬರೋ ಜಾಗದಲ್ಲಿ ನಿಂತು ಜನರನ್ನ ಹತ್ತಿಸಬೇಕು, ಮೇಲಿನ ತುದಿಯಲ್ಲಿ ಇಳಿಸಬೇಕು, ಇಳಿಯೋ ಇಳಿಜಾರಿನ ಹಿಮ ಸವೆದಂಗೆಲ್ಲ ಸಲಿಕೆ ಹಿಡಿದು ಸಮ ಮಾಡ್ತಿರಬೇಕು. ಕಣ್ಣು ಜನರ ಮೇಲೆ, ಕೈ ನಿಧಾನದ ಗುಂಡಿ, ನಿಲ್ಲಿಸೋ ಗುಂಡಿ ಹತ್ತಿರ. ಹಳೇ ಮಾದರಿ ಲಿಫ್ಟ್‌ನಲ್ಲಿ ಕುರ್ಚಿ ಉಕ್ಕಿನ ಹಗ್ಗಕ್ಕೆ ಕಾಯಂ ಕಚ್ಚಿಕೊಂಡಿರುತ್ತೆ. ಸೆಕೆಂಡಿಗೆ ಸುಮಾರು 2.5 ಮೀಟರ್ ವೇಗದಲ್ಲೇ ಬಂದು ಮೊಣಕಾಲಿನ ಹಿಂಬದಿಗೆ ಬಡಿಯುತ್ತೆ, ಅದಕ್ಕೆ ಪ್ರತಿ ಕುರ್ಚಿಯನ್ನೂ ಆಪರೇಟರ್ ಕೈಯಿಂದ ಹಿಡಿದು ತಡೀಬೇಕು. ಹೊಸ ಮಾದರಿಯಲ್ಲಿ ಕುರ್ಚಿ ನಿಲ್ದಾಣದೊಳಗೆ ಹಗ್ಗ ಬಿಟ್ಟು ತಾನೇ ನಿಧಾನ ಆಗುತ್ತೆ, ಹೊರಗೆ ಹೋದ ಮೇಲೆ 5 ಮೀಟರ್ ವೇಗ ಹಿಡಿಯುತ್ತೆ. ಅದೇ ಹುದ್ದೆ, ಅದೇ ಸಂಬಳ. ಹಳೇ ಲಿಫ್ಟ್‌ಗೆ ಬಿದ್ದವನಿಗೆ ಸಂಜೆ ಹೊತ್ತಿಗೆ ಭುಜ ಎತ್ತಕ್ಕಾಗಲ್ಲ. ಇಬ್ಬರ ರಿವ್ಯೂ ಒಂದೇ ಥರ ಇರುತ್ತಾ?

ಕೃತಕ ಹಿಮ ಮಾಡೋರದ್ದು ರಾತ್ರಿ ಪಾಳಿ, ಗಾಳಿಯ ತೇವವನ್ನೂ ಸೇರಿಸಿ ಅಳೆಯೋ ಉಷ್ಣಾಂಶ ಮೈನಸ್ 2ರ ಆಸುಪಾಸಿಗೆ ಇಳಿದ ಮೇಲೇ ಅವರ ಕೆಲಸ ಶುರು. ಸ್ಕೀ ಬಾಡಿಗೆಗೆ ಕೊಡೋ ರೆಂಟಲ್ ಅಂಗಡಿಯಲ್ಲಿ ಬೆಳಿಗ್ಗೆ ಎರಡು ತಾಸು ಜಾತ್ರೆ. ಗಿರಾಕಿಯ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಆಡೋ ಅಭ್ಯಾಸ ಎಲ್ಲ ಕೇಳಿ, ಪಟ್ಟಿ ನೋಡಿ ಬೈಂಡಿಂಗ್ (ಬೂಟನ್ನ ಸ್ಕೀ ಹಲಗೆಗೆ ಹಿಡಿಯೋ ಕೊಂಡಿ) ಬಿಗಿ ಮಾಡಬೇಕು. ಗಿರಾಕಿ ನಾಚಿಕೆಗೆ ತೂಕ ಕಡಿಮೆ ಹೇಳಿದ್ರೆ ಬೈಂಡಿಂಗ್ ಬೇಕಾಗಿಲ್ಲದಾಗ ಬಿಚ್ಚಿಕೊಳ್ಳುತ್ತೆ. ಅನುಭವ ಜಾಸ್ತಿ ಹೇಳಿ ಬಡಾಯಿ ಕೊಚ್ಚಿದ್ರೆ ಬೀಳುವಾಗ ಬಿಚ್ಚೋದೇ ಇಲ್ಲ, ಮೊಣಕಾಲು ಹೋಗುತ್ತೆ. ನಿನಗೆ ಸಂಬಂಧಪಟ್ಟದ್ದು ಲಾಡ್ಜಿಂಗ್ ವಿಭಾಗ, ಅಂದ್ರೆ ಹೋಟೆಲ್ ರೂಮಿನ ಕಡೆ ಕೆಲಸ. ಅದರ ರಿವ್ಯೂ ಮಾತ್ರ ಬೇರೆ ತೆಗೆದು ಓದು.

ತಿಂಗಳಿನ ಲೆಕ್ಕ ಹಿಂಗೆ. ನವೆಂಬರ್‌ನಲ್ಲಿ ಬರೆದದ್ದು ಬಹುಪಾಲು ಗಂಟೆ ಸಿಗ್ತಿಲ್ಲ ಅನ್ನೋ ದೂರು, ಯಾಕಂದ್ರೆ ಹಿಮ ಬಿದ್ದಿರಲ್ಲ, ಅರ್ಧ ಬೆಟ್ಟ ತೆರೆದಿರಲ್ಲ. ಜನವರಿಯಲ್ಲಿ ಬರೆದದ್ದರಲ್ಲಿ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರದ ಸಿಟ್ಟಿರುತ್ತೆ. ಆ ವಾರ, ಜನವರಿಯ ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರವರಿಯ ಮೂರನೇ ಸೋಮವಾರದ ಪ್ರೆಸಿಡೆಂಟ್ಸ್ ಡೇ, ಈ ಮೂರಕ್ಕೂ ಸ್ಟಾಫ್‌ಗೆ ರಜೆ ಕೇಳೋ ಹಂಗೇ ಇರಲ್ಲ ಅಂತ ಮೊದಲೇ ಬರೆಸ್ಕೋತಾರೆ. ಏಪ್ರಿಲ್‌ನಲ್ಲಿ ಬರೆದದ್ದು ಬಿಸಿಲು, ಬೀಳ್ಕೊಡುಗೆ ಪಾರ್ಟಿ ಮೂಡಿನದ್ದು, ಎಲ್ಲಾ ಚೆಂದ.

ಮ್ಯಾನೇಜರ್‌ಗೆ ತಲೆ ಇಲ್ಲ ಅನ್ನೋ ಮಾತಿಗೂ ಕಾರಣ ಇದೆ. ತಳಮಟ್ಟದ ಸೂಪರ್‌ವೈಸರ್ ಅಂದ್ರೆ ಎಷ್ಟೋ ಕಡೆ ಹೋದ ಸೀಸನ್‌ನಲ್ಲಿ ಅದೇ ಕೆಲಸ ಮಾಡಿ ಈ ಸಲ ಒಂದು ಮೆಟ್ಟಿಲು ಏರಿದ ಹುಡುಗ ಇಲ್ಲ ಹುಡುಗಿ. ಜನ ನಿಭಾಯಿಸೋ ತರಬೇತಿ ಅಷ್ಟಕ್ಕಷ್ಟೆ. ಮುಂದಿನ ವರ್ಷ ಅವರೂ ಇರಲ್ಲ. ಹಾಗಾಗಿ ಮ್ಯಾನೇಜರ್ ಬಗ್ಗೆ ಎರಡು ಸೀಸನ್‌ಗಿಂತ ಹಳೇ ಮಾತು ಹೊಗಳಿಕೆ ಆದ್ರೂ ಬೈಗುಳ ಆದ್ರೂ ನಿನ್ನ ಉಪಯೋಗಕ್ಕೆ ಬರಲ್ಲ. ರೂಮು, ಬಾಡಿಗೆ, ಬಸ್ಸಿನ ಬಗ್ಗೆ ಬರೆದದ್ದು ಹಳೇದಾದ್ರೂ ನಂಬು. ಕಟ್ಟಡ ವರ್ಷಕ್ಕೊಂದು ಬದಲಾಗಲ್ಲ.

ಒಂದು ವಿಭಾಗದ ಜಗಳ ಇನ್ನೊಂದಕ್ಕೆ ಹೆಂಗೆ ತಟ್ಟುತ್ತೆ ಅನ್ನೋಕೆ ಯೂಟಾದ ಪಾರ್ಕ್ ಸಿಟಿ ನೋಡು. ಅಲ್ಲಿ ಸ್ಕೀ ಪಟ್ರೋಲ್‌ನವರು, ಅಂದ್ರೆ ಬೆಟ್ಟದ ಕಾವಲಿನವರು, 2024ರ ಡಿಸೆಂಬರ್ 27ರಿಂದ 2025ರ ಜನವರಿ 8ರವರೆಗೆ ಮುಷ್ಕರ ಹೂಡಿದ್ರು. ಗಂಟೆಗೆ 21 ಡಾಲರ್ ಇದ್ದ ಆರಂಭದ ಸಂಬಳ 23 ಮಾಡಿ ಅನ್ನೋದು ಮುಖ್ಯ ಬೇಡಿಕೆ. ಹಿಮಕುಸಿತದ ಅಪಾಯ ನೋಡಿ ಇಳಿಜಾರು ತೆರೆಯೋರೇ ಅವರು. ಅವರಿಲ್ಲದೆ ಬೆಟ್ಟದ ಬಹುಭಾಗ ಮುಚ್ಚಿತು, ತೆರೆದಿದ್ದ ಕಡೆ ಕ್ಯೂ ಬೆಳೀತು. ಅಂಥ ಹೊತ್ತಲ್ಲಿ ರಜೆಗೆ ದುಡ್ಡು ಸುರಿದು ಬಂದ ಗಿರಾಕಿ ಹೋಗಿ ರೇಗಾಡೋದು ಯಾರ ಹತ್ತಿರ? ಕೌಂಟರ್‌ನಲ್ಲಿ ಕೂತವರ ಹತ್ತಿರ. ನೀನು ಕೂರೋದು ಅಲ್ಲೇ.

ಕೌಲ್‌ಬಜಾರ್ 583102

ಏಜೆನ್ಸಿ ಹೇಳಿದ್ದಕ್ಕೆ ಮೊದಲು ಉತ್ತರ: ಸುಳ್ಳು. ಜೆ-1 ಇಂಟರ್ನ್ ವೀಸಾ ಇರೋದು ನಿಮ್ಮ ಟ್ರೈನಿಂಗ್ ಪ್ಲಾನ್‌ನಲ್ಲಿ ಬರೆದ ಜಾಗಕ್ಕೆ. ಸ್ಪಾನ್ಸರ್ (ಜೆ-1 ಪ್ರೋಗ್ರಾಂ ನಡೆಸೋಕೆ ಅಮೆರಿಕ ಸರ್ಕಾರ ಒಪ್ಪಿದ ಸಂಸ್ಥೆ) ಮೊದಲೇ ಲಿಖಿತವಾಗಿ ಒಪ್ಪದೆ ಬೇರೆ ಹೋಟೆಲ್‌ಗೆ ಹೋಗೋ ಹಾಗಿಲ್ಲ, ಸಂಜೆ ಹೊತ್ತು ಪಕ್ಕದ ಅಂಗಡಿಯಲ್ಲಿ ಎರಡನೇ ಕೆಲಸವೂ ಇಲ್ಲ. ಮಾಡಿ ಸಿಕ್ಕಿಬಿದ್ರೆ ಪ್ರೋಗ್ರಾಂ ರದ್ದು.

ರಿವ್ಯೂ ಬರೆದವರಲ್ಲಿ ಪೆರು, ಅರ್ಜೆಂಟೀನಾ ಕಡೆಯ ವಿದ್ಯಾರ್ಥಿಗಳೂ ಇರ್ತಾರೆ. ನಮಗೆ ಚಳಿಗಾಲ ಇದ್ದಾಗ ಅವರಿಗೆ ಬೇಸಿಗೆ ರಜೆ, ಅದಕ್ಕೇ ಜೆ-1ರಲ್ಲೇ ಬೇಸಿಗೆ ಕೆಲಸದ ಬೇರೆ ವರ್ಗದಲ್ಲಿ ಮೂರ್ನಾಲ್ಕು ತಿಂಗಳು ಬಂದು ಲಿಫ್ಟ್, ಅಡುಗೆಮನೆ, ಹೌಸ್‌ಕೀಪಿಂಗ್ ಮಾಡಿ ಹೋಗ್ತಾರೆ. ನಿಮ್ಮದು ಇಂಟರ್ನ್ ವರ್ಗ, ಷರತ್ತೇ ಬೇರೆ. ಅವರ ಅನುಭವ ಓದಿ ಹೆದರೋದೂ ಬೇಡ, ಆಸೆ ಪಡೋದೂ ಬೇಡ.

ನೀವು ಓದಬೇಕಾದ ಕಾಗದ ಡಿಎಸ್-7002. ಟ್ರೈನಿಂಗ್ ಪ್ಲಾನ್ ಅಂದ್ರೆ ಅದೇ. ಯಾವ ವಿಭಾಗದಲ್ಲಿ ಎಷ್ಟು ತಿಂಗಳು, ಏನು ಕಲಿಸ್ತಾರೆ, ಮೇಲ್ವಿಚಾರಕರು ಯಾರು, ಸಂಬಳ ಎಷ್ಟು ಎಲ್ಲ ಅದರಲ್ಲಿ ಇರಬೇಕು. ಹೋಟೆಲ್, ಪ್ರವಾಸ ಕ್ಷೇತ್ರದಲ್ಲಿ ಆರು ತಿಂಗಳು ಮತ್ತು ಮೇಲ್ಪಟ್ಟ ಪ್ರೋಗ್ರಾಂಗೆ ಕನಿಷ್ಠ ಮೂರು ವಿಭಾಗಗಳಲ್ಲಿ ಸರದಿ ಇರಲೇಬೇಕು. ಗುಮಾಸ್ತಿಕೆ ಕೆಲಸ ಶೇ. 20 ದಾಟಬಾರದು. ವಾರಕ್ಕೆ ಕನಿಷ್ಠ 32 ಗಂಟೆ. ಕೌಶಲ ಬೇಡದ ಕೂಲಿ ಕೆಲಸಕ್ಕೆ ಇಂಟರ್ನ್‌ನ ಹಚ್ಚೋ ಹಾಗಿಲ್ಲ, ಖಾಯಂ ನೌಕರರ ಬದಲಿಗೆ ಬಳಸೋ ಹಾಗೂ ಇಲ್ಲ. ಕಂಪನಿಯ ಒಳಗಿನ ವಾತಾವರಣ ಅಂತ ನೀವು ಕೇಳ್ತಿರೋದರಲ್ಲಿ ಅರ್ಧ ಈ ಕಾಗದದಲ್ಲೇ ಕಾಣುತ್ತೆ. ಪ್ರತಿ ಹಂತಕ್ಕೂ ಬೇರೆ ಬೇರೆ ಮಾತಲ್ಲಿ, ಬೇರೆ ಮೇಲ್ವಿಚಾರಕರನ್ನ ಹಾಕಿ ಬರೆದಿದ್ರೆ ಯಾರೋ ಕೂತು ಯೋಚಿಸಿದಾರೆ ಅಂತ ಅರ್ಥ. ಒಂದೇ ಪ್ಯಾರಾ ಮೂರು ಕಡೆ ಅಂಟಿಸಿದ್ರೆ, ಅವರಿಗೆ ಬೇಕಿರೋದು ಸೀಸನ್‌ಗೆ ಕೈ ಕಾಲು.

ಉಳಿದದ್ದು ಚುಟುಕಾಗಿ. ಪದವಿ ಮುಗಿದ 12 ತಿಂಗಳೊಳಗೆ ಪ್ರೋಗ್ರಾಂ ಶುರುವಾದ್ರೆ ಮಾತ್ರ ಇಂಟರ್ನ್. ಅದು ದಾಟಿದ್ರೆ ಟ್ರೈನಿ ವರ್ಗ, ಅದಕ್ಕೆ ಪದವಿ ಜೊತೆಗೆ ಅಮೆರಿಕದ ಹೊರಗೆ ಒಂದು ವರ್ಷದ ಅನುಭವ ಬೇಕು. ಆದ್ದರಿಂದ ಈಗಿನ ಕೆಲಸ ಬಿಡುವಾಗ ಅನುಭವ ಪತ್ರ ತಗೊಳ್ಳಿ, ಪಿಎಫ್ ಇದ್ರೆ ಯುಎಎನ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿಸಿಕೊಳ್ಳಿ. 2025ರಲ್ಲಿ ಸೆವಿಸ್ (ವಿದೇಶಿ ಇಂಟರ್ನ್, ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 220 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್ ಇತ್ತು, ಇವು ಸರ್ಕಾರಕ್ಕೆ ಹೋಗೋವು. ಇವೆರಡನ್ನು ಬಿಟ್ಟು ಏಜೆನ್ಸಿ ಕೇಳೋ ಪ್ರತಿ ರೂಪಾಯಿಗೂ ಸ್ಪಾನ್ಸರ್‌ಗೆ ಎಷ್ಟು, ವಿಮೆಗೆ ಎಷ್ಟು, ಏಜೆನ್ಸಿಗೆ ಎಷ್ಟು ಅಂತ ಬಿಡಿಸಿ ಬರೆಸಿ. ಸ್ಪಾನ್ಸರ್ ಹೆಸರು ಅಮೆರಿಕದ ವಿದೇಶಾಂಗ ಇಲಾಖೆಯ ಜೆ-1 ಜಾಲತಾಣದ ಪಟ್ಟಿಯಲ್ಲಿ ಇದೆಯಾ ನೋಡಿ. ಮುಗಿದ ಮೇಲೆ ಎರಡು ವರ್ಷ ಊರಲ್ಲೇ ಇರಬೇಕು ಅನ್ನೋ ನಿಯಮದ ಕೌಶಲ ಪಟ್ಟಿಯಿಂದ ಭಾರತವನ್ನ 2024ರ ಡಿಸೆಂಬರ್‌ನಲ್ಲಿ ತೆಗೆದಿದಾರೆ. ಅದನ್ನ ತೋರಿಸಿ ಯಾರಾದ್ರೂ ಹೆದರಿಸಿದ್ರೆ ಕಿವಿಗೆ ಹಾಕ್ಕೋಬೇಡಿ.

ಎಡದಂಡೆ ಕಾಲುವೆ

ಗಂಟೆ ಮತ್ತು ದುಡ್ಡಿನ ವಿಷಯ ನಾನು ಹೇಳ್ತೀನಿ. ಜಗಳ ಬರೋದು ಇಲ್ಲೇ.

ಕೊಲೊರಾಡೊದ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 14.81 ಡಾಲರ್ ಇತ್ತು. ಟಿಪ್ಸ್ ಸಿಗೋ ಕೆಲಸಕ್ಕೆ 11.79 ಇತ್ತು, ಟಿಪ್ಸ್ ಸೇರಿ ಪೂರ್ತಿ ಕನಿಷ್ಠ ಕೂಲಿ ಮುಟ್ಟದಿದ್ರೆ ಉಳಿದದ್ದನ್ನ ಕಂಪನಿ ತುಂಬಿಕೊಡಬೇಕು. ಪಕ್ಕದ ಯೂಟಾದಲ್ಲಿ ಕೇಂದ್ರದ 7.25 ಡಾಲರೇ ಕನಿಷ್ಠ. ಅದಕ್ಕೇ ಬೇರೆ ರಾಜ್ಯದವರ ರಿವ್ಯೂ ಓದಿ ನಿಮ್ಮ ಸಂಬಳ ಅಳೀಬೇಡಿ.

ಒಂದು ಲೆಕ್ಕ ಹಾಕೋಣ. ವಾರಕ್ಕೆ 35 ಗಂಟೆ, ಎರಡು ವಾರಕ್ಕೊಮ್ಮೆ ಸಂಬಳ. 70 ಗಂಟೆಗೆ ಕನಿಷ್ಠ ದರದಲ್ಲಿ 1,036.70 ಡಾಲರ್. ರೂಮಿನ ಬಾಡಿಗೆ ತಿಂಗಳಿಗೆ 700 ಅಂತ ಇಟ್ಕೊಳ್ಳಿ, ಪ್ರತಿ ಸಂಬಳದಲ್ಲಿ ಅರ್ಧ ಹಿಡೀತಾರೆ. ಅಲ್ಲಿಗೆ 686.70 ಉಳೀತು, ಅದರಲ್ಲಿ ಆದಾಯ ತೆರಿಗೆ, ಊಟ, ಫೋನು. ವಾರಕ್ಕೆ 20 ಗಂಟೆಗೆ ಇಳಿದ್ರೆ? 40 ಗಂಟೆಗೆ 592.40, ಬಾಡಿಗೆ ಅದೇ 350. ದುಡಿದದ್ದೆಲ್ಲ ಬಾಡಿಗೆಗೇ ಹೋಯ್ತು ಅಂತ ಬರೆದವರ ಕಥೆ ಬಹುಶಃ ಇದೇ. ಸಂಬಳದ ದರ ಮೋಸ ಮಾಡಲ್ಲ, ಗಂಟೆ ಮೋಸ ಮಾಡುತ್ತೆ. ಆಫರ್ ಲೆಟರ್‌ನಲ್ಲಿ ವಾರಕ್ಕೆ ಕನಿಷ್ಠ ಎಷ್ಟು ಗಂಟೆ ಗ್ಯಾರಂಟಿ ಅನ್ನೋ ಸಾಲು ಇದೆಯಾ ಮೊದಲು ಅದನ್ನ ನೋಡಿ.

ನಿಮ್ಮದು 12 ತಿಂಗಳದ್ದು ಆದ್ದರಿಂದ ಇನ್ನೊಂದು ತೊಡಕು. ಏಪ್ರಿಲ್ ಮಧ್ಯಕ್ಕೆ ಬೆಟ್ಟ ಮುಚ್ಚುತ್ತೆ, ಬೇಸಿಗೆ ಗಿರಾಕಿ ಬರೋದು ಜೂನ್ ಮೇಲೆ. ನಡುವಿನದ್ದನ್ನ ಅಲ್ಲಿಯವರು ಮಡ್ ಸೀಸನ್ ಅಂತಾರೆ. ಮತ್ತೆ ಅಕ್ಟೋಬರ್‌ನಿಂದ ಹಿಮ ಬೀಳೋವರೆಗೆ ಅದೇ ಪಾಡು. ಸಾಣಾಪುರದಲ್ಲಿ ಏಪ್ರಿಲ್, ಮೇ ಬಿಸಿಲಿಗೆ ರೂಮು ಖಾಲಿ ಹೊಡೆದು ಸ್ಟಾಫ್‌ನ ಅರ್ಧಕ್ಕೆ ಇಳಿಸ್ತಾರಲ್ಲ, ನಿಮಗೆ ಹೊಸದಲ್ಲ. ವ್ಯತ್ಯಾಸ ಏನಂದ್ರೆ ಇಲ್ಲಿ ಗಂಗಾವತಿಗೆ ಬಸ್ ಹತ್ತಿ ಮನೆಗೆ ಬರಬಹುದು, ಅಲ್ಲಿ ಬಾಡಿಗೆ ಓಡ್ತಾ ಇರುತ್ತೆ. ಆ ತಿಂಗಳುಗಳಲ್ಲಿ 32 ಗಂಟೆ ಎಲ್ಲಿಂದ ಕೊಡ್ತೀರಿ, ಹೋಟೆಲ್ ಪೂರ್ತಿ ಮುಚ್ಚುತ್ತಾ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಇಮೇಲ್‌ನಲ್ಲೇ ಬರಲಿ.

ಓವರ್‌ಟೈಮ್: ಅಮೆರಿಕದಲ್ಲಿ ಸಾಮಾನ್ಯವಾಗಿ ವಾರಕ್ಕೆ 40 ಗಂಟೆ ದಾಟಿದ್ರೆ ಒಂದೂವರೆ ಪಟ್ಟು. ಆದ್ರೆ ಕೊಲೊರಾಡೊದಲ್ಲಿ ನೇರವಾಗಿ ಸ್ಕೀ ಬೆಟ್ಟ ನಡೆಸೋ ಕೆಲಸಕ್ಕೆ, ಬೆಟ್ಟದ ಮೇಲಿನ ಊಟದ ಕೆಲಸಕ್ಕೆ ಈ 40 ಗಂಟೆ ನಿಯಮದಿಂದ ವಿನಾಯಿತಿ ಇದೆ, ದಿನಕ್ಕೆ 12 ಗಂಟೆ ದಾಟಿದ್ರೆ ಮಾತ್ರ ಓವರ್‌ಟೈಮ್. ಲಾಡ್ಜಿಂಗ್ ಕೆಲಸಕ್ಕೆ ಆ ವಿನಾಯಿತಿ ಅನ್ವಯ ಆಗಲ್ಲ. ಅಂದ್ರೆ ಫ್ರಂಟ್ ಆಫೀಸ್‌ನಲ್ಲಿ 46 ಗಂಟೆ ಮಾಡಿದ್ರೆ 6 ಗಂಟೆಗೆ ಒಂದೂವರೆ ಪಟ್ಟು ಬರಬೇಕು. ಬೆಟ್ಟದ ಮೇಲಿನ ರೆಸ್ಟೋರೆಂಟ್‌ಗೆ ಸರದಿ ಹಾಕಿದ್ರೆ ಲೆಕ್ಕ ಬದಲಾಗುತ್ತೆ. ಐದು ಗಂಟೆ ದಾಟಿದ ಪಾಳಿಗೆ ಅರ್ಧ ತಾಸು ಊಟದ ಬಿಡುವು, ನಾಲ್ಕು ಗಂಟೆಗೊಂದು 10 ನಿಮಿಷದ ಸಂಬಳಸಹಿತ ಬಿಡುವು. ಬಿಡುವು ತಗೊಂಡ್ರೆ ಅಲ್ಲಿ ಯಾರೂ ಕಣ್ಣು ಕೆಂಪು ಮಾಡಲ್ಲ, ತಗೊಳ್ಳದಿದ್ರೆ ಸೂಪರ್‌ವೈಸರ್‌ಗೇ ತಲೆನೋವು.

ಟಿಪ್ಸ್‌ನಲ್ಲಿ ಮ್ಯಾನೇಜರ್, ಸೂಪರ್‌ವೈಸರ್ ಪಾಲು ತಗೊಳ್ಳೋದನ್ನ ಅಮೆರಿಕದ ಕೂಲಿ ಕಾನೂನಿನ 2018ರ ತಿದ್ದುಪಡಿ ನಿಷೇಧಿಸಿದೆ. ಡಬ್ಬಿ ಯಾರ ಕೈಯಲ್ಲಿ ಇರುತ್ತೆ, ಹೆಂಗೆ ಹಂಚ್ತಾರೆ ಅಂತ ಮೊದಲ ವಾರವೇ ಕೇಳಿಕೊಳ್ಳಿ. ಇನ್ನು ಸಂಬಳ ಚೀಟಿ: ಜೆ-1ರಲ್ಲಿ ಹೊಸದಾಗಿ ಹೋದವರಿಗೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ ಹಿಡಿಯೋ ಶೇ. 7.65 ಸಾಮಾನ್ಯವಾಗಿ ಅನ್ವಯ ಆಗಲ್ಲ. ಆದ್ರೂ ಪೇರೋಲ್‌ನವರು ರೂಢಿಯಿಂದ ಹಿಡಿದುಬಿಡ್ತಾರೆ. ಮೇಲಿನ ಲೆಕ್ಕದಲ್ಲಿ ಅದು ಸಂಬಳಕ್ಕೆ 79 ಡಾಲರ್. ಮೊದಲ ಚೀಟಿಯಲ್ಲೇ ನೋಡಿ ಹೇಳಿದ್ರೆ ಕಂಪನಿಯೇ ಸರಿ ಮಾಡಿಕೊಡುತ್ತೆ, ಹೊತ್ತಾದಷ್ಟೂ ತೆರಿಗೆ ಇಲಾಖೆಗೆ ಅರ್ಜಿ ಬರೆದು ಕಾಯೋ ಕೆಲಸ.

ರಾಯಚೂರ ಬಿಸಿಲು

ಎಲ್ಲಾರೂ ಕಾಗದ ಹೇಳ್ಯಾರ, ಥಂಡಿ ಯಾರೂ ಹೇಳಿಲ್ಲ ನೋಡವಾ. ನಮ್ಮ ಕಡಿ ಊರು 400-500 ಮೀಟರ್ ಎತ್ತರದಾಗ ಅವ. ಕೊಲೊರಾಡೊದಾಗಿನ ಬ್ರೆಕೆನ್‌ರಿಜ್ ಅನ್ನೂ ಸ್ಕೀ ಊರೇ 9,600 ಅಡಿ, ಅಂದ್ರ 2,900 ಮೀಟರ್ ಮ್ಯಾಲ. ಹೋದ ಎರಡು ಮೂರು ದಿನ ತಲಿ ಸಿಡೀತದ, ನಿದ್ದಿ ಬರಂಗಿಲ್ಲ, ಮೆಟ್ಟಲ ಹತ್ತಿದ್ರ ಏದುಸಿರು. ನೀರು ಕುಡೀಬೇಕು, ಭಾರ ಎತ್ತಬಾರದು. ಕೆಲಸ ಶುರು ಆಗೂಕಿಂತ ಮೂರು ನಾಕು ದಿನ ಮೊದಲು ಮುಟ್ಟೂ ಹಂಗ ಟಿಕೀಟ ಮಾಡಿಸು. ಹಿಂಗ ಮೊದಲs ಹೋಗಾಕ ವೀಸಾದಾಗ ಅವಕಾಶ ಅದ.

ಮೈಗೆ ತಾಗೂ ಅರಿವಿ ಹತ್ತೀದು ಬ್ಯಾಡ. ಬೆವತರ ಒಣಗಂಗಿಲ್ಲ, ಆಮ್ಯಾಲ ಅದs ಥಂಡಿ ಹಿಡಸ್ತದ. ಉಣ್ಣಿ ಇಲ್ಲಾ ಪಾಲಿಸ್ಟರ್ ಒಳಂಗಿ, ಅದರ ಮ್ಯಾಲ ಫ್ಲೀಸ್, ಮ್ಯಾಲ ಗಾಳಿ ತಡಿಯೂ ಜಾಕೀಟು. ಕಾಲಿಗೆ ಎರಡು ಜೋಡಿ ಸಾಕ್ಸ್ ಹಾಕಬ್ಯಾಡ, ಬೂಟು ಬಿಗಿ ಆಗಿ ರಕ್ತ ಓಡಂಗಿಲ್ಲ, ಬೆರಳು ಜೋಮು ಹಿಡೀತಾವ. ಒಂದs ಜೋಡಿ, ಉಣ್ಣೀದು. ಬೂಟು, ಕೈಗವಸು ಇಲ್ಲಿ ತಗೋಬ್ಯಾಡ, ಅಲ್ಲಿ ಹಳೇ ಸಾಮಾನಿನ ಅಂಗಡ್ಯಾಗ ಛಲೋ ಸಿಗ್ತಾವ. ಬೆರಳು, ಕಿವಿ, ಮೂಗಿನ ತುದಿ ಬೆಳ್ಳಗಾಗಿ ಮುಟ್ಟಿದ್ದು ತಿಳೀದಂಗ ಆದ್ರ ತಿಕ್ಕಬ್ಯಾಡ. ಒಳಗ ಹೋಗಿ 37ರಿಂದ 39 ಡಿಗ್ರಿ ಬೆಚ್ಚನ್ನ ನೀರಾಗ ಇಡು, ಬೆಂಕಿ, ಹೀಟರ್ ಹಂತ್ಯಾಕ ಒಯ್ಯಬ್ಯಾಡ.

ಅನ್ನದ ವಿಚಾರ: ಆ ಎತ್ತರದಾಗ ನೀರು 90 ಡಿಗ್ರಿಗೇ ಕುದೀತದ. ಬರೇ ಪಾತ್ರ್ಯಾಗ ಅಕ್ಕಿ ಇಟ್ರ ಹೊರಗ ಮೆತ್ತಗ, ನಡುವ ಕಾಳು. ಬ್ಯಾಳಿ ಅಂತೂ ಬೇಯಂಗs ಇಲ್ಲ. 3 ಲೀಟರಿಂದು ಕುಕ್ಕರ್ ಒಯ್ಯಿ, ಒಂದು ಹೆಚ್ಚಿನ ಗ್ಯಾಸ್ಕೆಟ್ ಇಟ್ಕೋ. ಸ್ಟಾಫ್ ಮನ್ಯಾಗ ಇಂಡಕ್ಷನ್ ಒಲಿ ಇದ್ರ ಅಲ್ಯುಮಿನಿಯಂ ಕುಕ್ಕರ್ ನಡಿಯಂಗಿಲ್ಲ, ಕೇಳ್ಕೊಂಡು ಸ್ಟೀಲಿಂದು ತಗೋ.

ಬಳ್ಳಾರಿ ಹೌಸ್‌ಕೀಪಿಂಗ್ ಅಕ್ಕ

ಹೆಣ್ಣುಮಕ್ಕಳಿಗೆ ಹೆಂಗೆ ಅಂತ ಕೇಳಿದ್ದಕ್ಕೆ ಯಾರೂ ಬಾಯಿ ಬಿಟ್ಟಿಲ್ಲ.

ಸ್ಟಾಫ್ ಮನೆಯಿಂದ ಶುರು ಮಾಡು. ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಮೂರು ಬೆಡ್‌ರೂಮ್, ಒಂದೊಂದರಲ್ಲಿ ಇಬ್ಬರು, ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿ. ಬೆಡ್‌ರೂಮ್‌ನಲ್ಲಿ ಹೆಣ್ಣುಮಕ್ಕಳೇ ಇದ್ದರೂ ಅದೇ ಮನೆಯ ಇನ್ನೊಂದು ರೂಮಲ್ಲಿ ಗಂಡು ಹುಡುಗರು ಇರಬಹುದು. ಅಲ್ಲಿ ಅದು ದೊಡ್ಡ ವಿಷಯ ಅಲ್ಲ, ಆದ್ದರಿಂದ ಕೇಳದೆ ಯಾರೂ ಹೇಳಲ್ಲ. ಬೇಡ ಅಂದ್ರೆ ಅರ್ಜಿಯಲ್ಲೇ ಹೆಣ್ಣುಮಕ್ಕಳ ಮನೆ ಬೇಕು ಅಂತ ಬರಿ. ಬೆಡ್‌ರೂಮ್ ಬಾಗಿಲಿಗೆ ಬೇರೆ ಬೀಗ ಇದೆಯಾ, ರಾತ್ರಿ ಪಾಳಿ ಮುಗಿಸಿ ಬರೋ ಹೊತ್ತಿಗೆ ಕೊನೇ ಬಸ್ ಎಷ್ಟಕ್ಕೆ, ನಿಲ್ದಾಣದಿಂದ ಮನೆಗೆ ಎಷ್ಟು ದೂರ, ಇವು ಕೇಳಲೇಬೇಕು. ವೇಲ್, ಬ್ರೆಕೆನ್‌ರಿಜ್‌ನಂಥ ಊರಲ್ಲಿ ಊರೊಳಗಿನ ಬಸ್ ಪುಕ್ಕಟೆ. ಪಕ್ಕದ ಕಣಿವೆಯಲ್ಲಿ ಮನೆ ಕೊಟ್ರೆ ಕಥೆ ಬೇರೆ.

ಬಾಡಿಗೆ ಕರಾರನ್ನ ಕೊನೇ ಪುಟದಿಂದ ಓದು. ಕೆಲಸ ಹೋದ್ರೆ ಎಷ್ಟು ದಿನದಲ್ಲಿ ಮನೆ ಖಾಲಿ ಮಾಡಬೇಕು ಅಂತ ಅಲ್ಲಿ ಇರುತ್ತೆ, ಎಷ್ಟೋ ಕಡೆ ಬರೀ ಕೆಲವೇ ದಿನ. ಕೆಲಸ ಕೊಟ್ಟವನೇ ಮನೆ ಮಾಲೀಕ ಆದಾಗ ಜನ ಸೂಪರ್‌ವೈಸರ್ ಬಗ್ಗೆ ದೂರು ಕೊಡೋಕೆ ಹೆದರೋದು ಇದಕ್ಕೇ. ನಿನಗೆ ಸ್ಪಾನ್ಸರ್ ಅಂತ ಮೂರನೆಯವರು ಇದಾರೆ. ಅವರು ಕಂಪನಿಯ ಕೈಕೆಳಗಿನವರಲ್ಲ, ತುರ್ತು ನಂಬರ್ ಕೊಟ್ಟಿರಲೇಬೇಕು. ಯಾರಾದ್ರೂ ಅಸಭ್ಯವಾಗಿ ನಡ್ಕೊಂಡ್ರೆ ದಿನಾಂಕ, ಹೊತ್ತು, ಆಡಿದ ಮಾತು, ಪಕ್ಕದಲ್ಲಿದ್ದವರು, ಇಷ್ಟು ಅವತ್ತೇ ಬರೆದು ಎಚ್‌ಆರ್‌ಗೂ ಸ್ಪಾನ್ಸರ್‌ಗೂ ಒಂದೇ ಇಮೇಲ್ ಹಾಕು. ಬಾಯಲ್ಲಿ ಹೇಳಿದ್ದು ಸೂಪರ್‌ವೈಸರ್ ಬದಲಾದಾಗ ಅವರ ಜೊತೆಗೇ ಹೋಗುತ್ತೆ.

ಕುಡಿತ ಜಾಸ್ತಿ ಅಲ್ಲಿ. ಪಾಳಿ ಮುಗಿದ ಮೇಲೆ ಟೀಮ್ ಸೇರೋದೇ ಬಾರ್‌ನಲ್ಲಿ. ಕುಡಿಯಲ್ಲ ಅಂದ್ರೆ ಯಾರೂ ಬಲವಂತ ಮಾಡಲ್ಲ. ಆದ್ರೆ 21 ವರ್ಷ ಆಗದವರಿಗೆ ಕಾನೂನೇ ಇಲ್ಲ ಅನ್ನುತ್ತೆ, ಮರುದಿನ ಬಾಯಿ ವಾಸನೆ ಹೊಡೆದ್ರೆ ಕೆಲಸ ಹೋಗುತ್ತೆ.

ನಮ್ಮ ಕಡೆಯಿಂದ ಹೋದವರು ಎಡವೋ ಜಾಗ ಇನ್ನೆರಡಿವೆ. ಮಾತಿಗೊಮ್ಮೆ ಸರ್, ಮೇಡಂ ಅನ್ನೋದು ಗಿರಾಕಿಗೆ ಸರಿ, ಮ್ಯಾನೇಜರ್‌ಗೆ ಹೆಸರು ಹಿಡಿದೇ ಕರೀಬೇಕು. ಕೆಲಸ ಗೊತ್ತಾಗದಿದ್ರೂ ತಲೆ ಆಡಿಸೋದು ಇಲ್ಲಿ ಮರ್ಯಾದೆ, ಅಲ್ಲಿ ಅದನ್ನ ಒಪ್ಪಿಗೆ ಅಂತಲೇ ತಿಳೀತಾರೆ, ತಪ್ಪಾದ ಮೇಲೆ ಯಾಕೆ ಕೇಳಲಿಲ್ಲ ಅಂತಾರೆ. ಜ್ವರ ಬಂದ್ರೆ ಪಾಳಿಗೆ ಮೊದಲೇ ಅವರು ಹೇಳಿದ ನಂಬರ್‌ಗೇ ಫೋನ್ ಮಾಡಬೇಕು, ಗೆಳತಿ ಕೈಲಿ ಹೇಳಿ ಕಳಿಸಿದ್ದು ಲೆಕ್ಕಕ್ಕಿಲ್ಲ. ಹೇಳದೆ ಒಂದೆರಡು ಸಲ ತಪ್ಪಿಸಿದ್ರೆ ಕೆಲಸದಿಂದ ತೆಗೀತಾರೆ. ಮತ್ತೆ, ಸ್ಟಾಫ್‌ಗೆ ಕೊಡೋ ಸ್ಕೀ ಪಾಸ್ ಅಪ್ಪಿತಪ್ಪಿಯೂ ಬೇರೆಯವರಿಗೆ ಕೊಡಬೇಡ. ಇಲ್ಲಿ ತೆಪ್ಪದವನಿಗೆ ಹೇಳಿ ನೆಂಟರನ್ನ ಪುಕ್ಕಟೆ ಕೂರಿಸೋ ಹಂಗಲ್ಲ, ಅಲ್ಲಿ ಅದು ಕಳ್ಳತನ.

ಮುನಿರಾಬಾದ್ ಗೇಟ್

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಜೊತೆಯವರ ಹತ್ತಿರ ಸಂಬಳದ ಮಾತೆತ್ತಬಾರದು ಅಂತ ಸೂಪರ್‌ವೈಸರ್ ಹೇಳಿದ್ರೆ ನಂಬಬೇಡ. ನೌಕರರು ತಮ್ಮತಮ್ಮಲ್ಲಿ ಸಂಬಳ, ಕೆಲಸದ ಸ್ಥಿತಿ ಮಾತಾಡೋದಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇದೆ. ಪಾಸ್ ಸಿಕ್ತು ಅಂತ ಬೆಟ್ಟ ಹತ್ತೋ ಮೊದಲು ವಿಮೆ ಓದು. ಜೆ-1ಗೆ ಒಂದು ಕಾಯಿಲೆ ಇಲ್ಲ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ವಿಮೆ ಕಡ್ಡಾಯ, ಆದ್ರೆ ಸ್ಕೀ ಆಡಿ ಬಿದ್ದದ್ದನ್ನ ಹೊರಗಿಟ್ಟ ಪಾಲಿಸಿಗಳಿವೆ. ಕೆಲಸದ ಹೊತ್ತಲ್ಲಿ ಜಾರಿ ಬಿದ್ರೆ ಕಂಪನಿಯ ಕಾರ್ಮಿಕ ಪರಿಹಾರ ವಿಮೆ ನೋಡ್ಕೊಳ್ಳುತ್ತೆ, ಅದಕ್ಕೆ ಅವತ್ತೇ ವರದಿ ಬರೆಸಬೇಕು.

ಸಾಣಾಪುರ ಫ್ರಂಟ್ ಆಫೀಸ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಡಿಎಸ್-7002 ಕರಡು ತೆಗೆದು ನೋಡಿದೆ. ಎರಡೇ ಹಂತ ಇದೆ: ಫ್ರಂಟ್ ಆಫೀಸ್ 8 ತಿಂಗಳು, ಹೌಸ್‌ಕೀಪಿಂಗ್ 4 ತಿಂಗಳು. ಎರಡಕ್ಕೂ ಮೇಲ್ವಿಚಾರಕರ ಹೆಸರು ಒಂದೇ. ವಾರಕ್ಕೆ 32ರಿಂದ 40 ಗಂಟೆ ಅಂತ ಇದೆ, ಮಡ್ ಸೀಸನ್ ಬಗ್ಗೆ ಏನೂ ಇಲ್ಲ. ಸಹಿ ಮಾಡಿ ಶುಕ್ರವಾರದೊಳಗೆ ಕಳಿಸು ಅಂತ ಏಜೆನ್ಸಿಯವರು ದಿನಕ್ಕೆರಡು ಸಲ ಫೋನ್ ಮಾಡ್ತಿದಾರೆ.

ಕೌಲ್‌ಬಜಾರ್ 583102

ಸಹಿ ಹಾಕಬೇಡಿ. ಎರಡು ಹಂತದ ಪ್ಲಾನ್ 12 ತಿಂಗಳಿಗೆ ನಿಯಮದ ಪ್ರಕಾರ ನಿಲ್ಲಲ್ಲ, ಸರಿಯಾದ ಸ್ಪಾನ್ಸರ್ ಆದ್ರೆ ಅವರೇ ವಾಪಸ್ ಕಳಿಸ್ತಾರೆ. ಏಜೆನ್ಸಿಗೆ ಹೇಳಿ ಪ್ರಯೋಜನ ಇಲ್ಲ, ಸ್ಪಾನ್ಸರ್‌ಗೆ ನೇರ ಬರೀರಿ, ಕಂಪನಿಯ ಎಚ್‌ಆರ್‌ಗೆ ಪ್ರತಿ ಹಾಕಿ. ಫ್ರಂಟ್ ಆಫೀಸ್ 5 ತಿಂಗಳು, ರಿಸರ್ವೇಷನ್ ಇಲ್ಲ ಗೆಸ್ಟ್ ಸರ್ವಿಸ್ 4 ತಿಂಗಳು, ಹೌಸ್‌ಕೀಪಿಂಗ್ ಮೇಲ್ವಿಚಾರಣೆ 3 ತಿಂಗಳು, ಈ ಥರ ಒಡೆದುಕೊಡಿ ಅಂತ ಕೇಳಿ. ಹೌಸ್‌ಕೀಪಿಂಗ್ ಹಂತದಲ್ಲಿ ರೂಮ್ ತಪಾಸಣೆ, ಲಿನನ್ ದಾಸ್ತಾನು, ಪಾಳಿ ಹಂಚಿಕೆ ಕಲಿಸ್ತೀವಿ ಅಂತ ಬರೆದಿರಬೇಕು. ಬರೀ ರೂಮ್ ಗುಡಿಸೋದಾದ್ರೆ ಅದು ಟ್ರೈನಿಂಗ್ ಅಲ್ಲ. ಪ್ರತಿ ಹಂತಕ್ಕೂ ಆ ವಿಭಾಗದ ಮೇಲ್ವಿಚಾರಕರ ಹೆಸರು ಬೇರೆ ಬೇಕು.

ಎಡದಂಡೆ ಕಾಲುವೆ

ಅದೇ ಇಮೇಲ್‌ನಲ್ಲಿ ಇದನ್ನೂ ಸೇರಿಸಿ: ಏಪ್ರಿಲ್ 15ರಿಂದ ಜೂನ್ 1ರವರೆಗೆ ನನ್ನ ಪಾಳಿ ಯಾವ ಕಟ್ಟಡದಲ್ಲಿ, ವಾರಕ್ಕೆ ಎಷ್ಟು ಗಂಟೆ, 32ಕ್ಕಿಂತ ಕಡಿಮೆ ಆದ್ರೆ ಆ ವಾರದ ಬಾಡಿಗೆ ಬಿಡ್ತೀರಾ. ಕೊನೆಯದಕ್ಕೆ ಇಲ್ಲ ಅಂತಲೇ ಬರಬಹುದು, ಬರಲಿ. ಮೊದಲ ಎರಡಕ್ಕೆ ಉತ್ತರ ಇಲ್ಲದೆ ಆಮೇಲೆ ನೋಡೋಣ ಅಂತ ಬಂದ್ರೆ ಆಫರ್ ಬಿಡಿ. ಪದವಿ ಮುಗಿದ 12 ತಿಂಗಳು ದಾಟೋಕೆ ಮುಂದಿನ ಜೂನ್‌ವರೆಗೆ ಹೊತ್ತಿದೆ. ವರ್ಷವಿಡೀ ತೆರೆದಿರೋ ಊರಿನ ಹೋಟೆಲ್‌ಗೆ ಅದೇ ವೀಸಾದಲ್ಲಿ ಅರ್ಜಿ ಹಾಕಬಹುದು. ಶುಕ್ರವಾರದ ಗಡುವು ಏಜೆನ್ಸಿಯದ್ದೋ ಸ್ಪಾನ್ಸರ್‌ದ್ದೋ ಅಂತ ಸ್ಪಾನ್ಸರ್‌ನೇ ಕೇಳಿನೋಡಿ.